ಔಡಲೆಣ್ಣೆಯ ವಿಮಾನ

ಖಾನಾಪುರ
೧೪ ಅಕ್ಟೋಬರ್ ೨೦೨೪

ಪ್ರೀತಿಯ ತಮ್ಮ ಆಕಾಶ,

ಹೇಗಿದ್ದೀ? ತವಾಂಗದಲ್ಲಿ ಹಿಮ ಬೀಳಲು ಶುರುವಾಗಿರಬೇಕು. ಅಂಗಾಲಿನ ಬಿರುಕಿಗೆ ಮುಲಾಮು ಹಚ್ಚುತ್ತಿದ್ದೀಯೋ, ಸೈನಿಕನೆಂಬ ಜಂಬದಲ್ಲಿ ಸುಮ್ಮನಿದ್ದೀಯೋ? ದಿನಾ ಫೋನು ಮಾಡುವವಳು ಪತ್ರ ಯಾಕೆ ಬರೆದಳೆಂದು ನಗಬೇಡ. ಫೋನಿನಲ್ಲಿ ಮಾತಾಡುವಾಗ ಅವ್ವ ಪಕ್ಕದಲ್ಲೇ ಇರುತ್ತಾಳೆ. ಇದನ್ನು ಅವಳ ಮುಂದೆ ಹೇಳಲಾಗದು.

ಮೊದಲು ಒಳ್ಳೆಯ ಸುದ್ದಿ. ಅವ್ವ ಊಟ ಮಾಡುತ್ತಿದ್ದಾಳೆ. ಅಪ್ಪ ತೀರಿಕೊಂಡ ಮೇಲೆ ಒಂದೊಂದು ತುತ್ತಿಗೂ ಕಾಡಿಸುತ್ತಿದ್ದವಳು, ನಾನು ಅಪ್ಪನ ಮಾದರಿ ವಿಮಾನವನ್ನು ಅಟ್ಟದಿಂದ ಇಳಿಸಿ ರಿಪೇರಿಗೆ ಕುಳಿತಾಗಿನಿಂದ ತಾನಾಗಿಯೇ ರೊಟ್ಟಿ ಕೇಳುತ್ತಾಳೆ. ಡಾಕ್ಟರರ ಟಾನಿಕ್ಕಿಗೆ ಬಗ್ಗದವಳು ವಿಮಾನದ ಹಗುರ ಬಾಲ್ಸಾ ಕಟ್ಟಿಗೆಗೆ ಬಗ್ಗಿದಳು ನೋಡು. ಅದಕ್ಕೇ ವಿಚಿತ್ರ ಕಂಡರೂ ನಾನು ಕೆಲಸ ನಿಲ್ಲಿಸಲಿಲ್ಲ.

ದೇಸೂರ ಬಯಲಿನಲ್ಲಿ ಅಪ್ಪ ಹಿಡಿಕೆ ಹಿಡಿದು ನಡುವೆ ನಿಂತರೆ, ಎರಡು ಉಕ್ಕಿನ ತಂತಿಗಳ ತುದಿಯಲ್ಲಿ ವಿಮಾನ ಅವನ ಸುತ್ತ ಗಿರಕಿ ಹೊಡೆಯುತ್ತಿತ್ತಲ್ಲ, ಆಗ ಇಂಧನದಲ್ಲಿ ಬೆರೆಸಿ ಎಂಜಿನ್ನು ಉಗುಳಿದ ಔಡಲೆಣ್ಣೆಯನ್ನೆಲ್ಲ ಆ ಕಟ್ಟಿಗೆ ವರ್ಷಗಟ್ಟಲೆ ಹೀರಿಕೊಂಡಿದೆ. ಎಣ್ಣೆ ಇರುವ ತನಕ ಅಂಟು ಹಿಡಿಯದು, ಹೊದಿಕೆ ಕೂರದು. ಟಾಲ್ಕಂ ಪೌಡರನ್ನು ಸ್ಪಿರಿಟ್ಟಿನಲ್ಲಿ ಕಲಸಿ, ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದೆ. ಒಣಗುತ್ತಾ ಅದು ಎಣ್ಣೆಯನ್ನು ಮೇಲೆ ಎಳೆಯುತ್ತದೆ. ಕಂದಾದ ಪುಡಿಯನ್ನು ಬ್ರಷ್ಷಿನಿಂದ ಉದುರಿಸಿ ಮತ್ತೆ ಬಳಿಯಬೇಕು. ರೆಕ್ಕೆ ಒಣಗಿತು, ಬಾಲ ಒಣಗಿತು. ಹೊಟ್ಟೆಯ ಒಂದು ಜಾಗ ಮಾತ್ರ ಒಣಗಲೇ ಇಲ್ಲ. ಉಜ್ಜಿದಷ್ಟೂ ಎಣ್ಣೆ, ಅದೂ ಬೆಚ್ಚಗೆ, ಈಗಷ್ಟೇ ಎಂಜಿನ್ನು ನಿಂತಂತೆ ಸುಟ್ಟ ವಾಸನೆ. ಎಂಜಿನ್ನನ್ನೋ ನೀನೇ ಬಿಚ್ಚಿ ಒಯ್ದಿದ್ದೀ. ನನಗೆ ಹೆದರಿಕೆಯಾಯಿತು, ಮುಚ್ಚಿಡುವುದೇನು.

ಬೆಳಗಾವಿಯಿಂದ ತಂದ ಪೌಡರು ಮುಗಿದಾಗ ಅವ್ವ ದೇವರ ಜಗುಲಿಯಿಂದ ವಿಭೂತಿ ಗಟ್ಟಿ ತಂದಳು. ಅಪ್ಪನನ್ನು ಮಣ್ಣು ಮಾಡುವ ಮೊದಲು ಮೈಗೆಲ್ಲ ಬಳಿದು ಉಳಿದಿದ್ದ ಗಟ್ಟಿ ಅದು. "ಇದನ್ನ ಹಚ್ಚವಾ, ಬೂದಿ ಎಣ್ಣಿ ಹೀರತೈತಿ" ಎಂದಳು. ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ, ಅರೆದು ಬಳಿದೇ ಬಿಟ್ಟೆ. ಬೆಳಿಗ್ಗೆ ಕಟ್ಟಿಗೆ ಎಲುಬಿನಂತೆ ಒಣಗಿತ್ತು. ಬಿಳಿ ವಿಭೂತಿಯ ಮೇಲೆ ಕಂದು ಬಣ್ಣದ ಒಂದು ಅಂಗೈ ಮೂಡಿತ್ತು, ಬೆರಳುಗಳ ಸಮೇತ. ಅಪ್ಪನದೆಂದುಕೊಂಡೆ. ಅವ್ವ ನಕ್ಕು ತನ್ನ ಕೈಯನ್ನು ಅದರ ಮೇಲಿಟ್ಟಳು. ಅಳತೆ ತೆಗೆದಂತೆ ಕೂತಿತು. "ಅವರು ದೂರ ನಿಂತಿರ್ತಿದ್ರು. ವಿಮಾನ ಹಿಡದು ಬಿಡಾಕಿ ನಾನ ಅಲ್ಲೇನು?" ಎಂದಳು. ಆಮೇಲೆ ಎಣ್ಣೆ ಹೀರಿದ ಆ ವಿಭೂತಿಯನ್ನೇ ಕೆರೆದು ಹಣೆಗೆ ಹಚ್ಚಿಕೊಂಡಳು.

ರಜೆ ಸಿಗುವುದೋ ಕೇಳಿ ನೋಡು. ಸ್ವೆಟರಿನ ಒಳಗೆ ದಪ್ಪ ಬನಿಯನ್ನು ಹಾಕಿಕೋ. ಬಸವಣ್ಣ ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ದಾನೇಶ್ವರಿ

ತಾ.ಕ.: ಅಂಚೆಗೆ ಕಾಯಲಾರೆ, ಹಾಳೆಗಳ ಫೋಟೋ ತೆಗೆದು ಕಳಿಸುತ್ತಿದ್ದೇನೆ. ಇವತ್ತು ಮಧ್ಯಾಹ್ನ ಅವ್ವ ವಿಮಾನಕ್ಕೆ ಹಳೆಯ ತಂತಿ ಕಟ್ಟಿ ಹಿತ್ತಲ ಬಯಲಿನಲ್ಲಿ ಮಂಡಿಯೂರಿ ಹಿಡಿದು ಕುಳಿತಿದ್ದಳು. ತಂತಿಗಳು ನೆಲಕ್ಕೆ ತಾಗದೆ ಬಿಗಿಯಾಗಿ ನಿಂತಿದ್ದವು. ಅಪ್ಪ ಹಿಡಿಕೆ ಹಿಡಿದು ನಿಲ್ಲುತ್ತಿದ್ದ ಆ ತುದಿಯಲ್ಲಿ ಯಾರೂ ಇರಲಿಲ್ಲ. ನಾನು ಓಡಿಹೋಗಿ ಇಕ್ಕಳದಿಂದ ಕತ್ತರಿಸಿದೆ. ಕತ್ತರಿಸಿದ ತಂತಿಗಳು ಹುಲ್ಲಿನೊಳಗೆ ಸರಸರನೆ ಆಚೆಗೆ ಹೊರಟುಹೋದವು. ಆಗಿನಿಂದ ಅವ್ವ ನೀರೂ ಮುಟ್ಟಿಲ್ಲ. "ಮತ್ತ ಕಟ್ಟಿ ಕೊಡವಾ, ಅವರು ಅಲ್ಲಿ ಒಬ್ಬರ ನಿಂತಾರ" ಎಂದು ನನ್ನ ಕೈ ಹಿಡಿದು ಬೇಡುತ್ತಿದ್ದಾಳೆ. ಕಟ್ಟಿಕೊಟ್ಟರೆ ಉಣ್ಣುತ್ತಾಳೆ. ಕಟ್ಟಿಕೊಟ್ಟರೆ ಹೋಗಿಯೂ ಬಿಡುತ್ತಾಳೆ. ಏನು ಮಾಡಲಿ, ಹೇಳು.