ಉಸಿಲು ಕಾಡಿನ ಉಳಿದರ್ಧ

ಜನವರಿ 12, ಭಾನುವಾರ

ಗಿಡ ನೆಡುವ ಹೆಸರಿನಲ್ಲಿ ಕಾಡು ಕಿತ್ತಿದ್ದಾರೆ. ಬೇರೆ ಯಾರೂ ಅಲ್ಲ, ನಮ್ಮವರೇ. ಕುಲದೇವರ ಗುಡಿಯ ಹಿಂದಿನ ಉಸಿಲು ಮರದ ಕಾಡಿನಲ್ಲಿ ಅರ್ಧ ಇವತ್ತು ಇಲ್ಲ. ಒಂದು ಕಡೆ ಬೇರುಗಳ ರಾಶಿ. ಇನ್ನೊಂದು ಕಡೆ ಸಾಲು ಸಾಲು ಗುಂಡಿ. ಗುಲ್‌ಮೊಹರ್ ಸಸಿ ಬರುತ್ತದಂತೆ. ಯಾರೋ ದಾನಿ. ಸಸಿಗಿಂತ ಮೊದಲು ಅವರ ಹೆಸರಿನ ಕಲ್ಲು ಬಂದಿದೆ.

ಗುಡಿ ಕಮಿಟಿಯ ಅಧ್ಯಕ್ಷರು, ಎಲ್ಲರ ತಲೈವರ್, ನನ್ನ ಚಿತ್ತಪ್ಪ, ಅಪ್ಪನ ತಮ್ಮ ಕಾಳಿಯಪ್ಪನ್. ಅವರ ದ್ರಾಕ್ಷಿ ತೋಟಕ್ಕೇ ಹೋಗಿ ಕೇಳಿದೆ. ನನ್ನನ್ನು ಈಗಲೂ ಪುಳ್ಳೆ, ಅಂದರೆ ಮಗು, ಅಂತಲೇ ಕರೆಯುತ್ತಾರೆ.

"ಅದು ಕಾಡಾ ಪುಳ್ಳೆ? ಬರೀ ಮುಳ್ಳು. ಆಡಿ ತಿಂಗ್ಳಿಂದ ಒಂದು ಜೀವ ಅತ್ಲಾಗ್ ಹೋಗಿಲ್ಲ. ಹೂ ಬಿಡೋ ಮರ ಇಟ್ರೆ ನಾಕ್ ಜನ ನೆಳ್ಳಲ್ಲಿ ಕೂರ್ತಾರೆ."

"ನಮ್ಮ ಬಿಸಿಲಿನ ಕಾಡು ಹಂಗೇ ಇರೋದು ಚಿತ್ತಪ್ಪಾ. ಕುಳ್ಳಗೆ, ಮುಳ್ಳಾಗಿ..."

"ನಿನ್ನಂಗೆ ಅನ್ನು."

ಆಳುಗಳೆಲ್ಲ ನಕ್ಕರು. ಉಳಿದರ್ಧ ಕೀಳುವುದು ಪೊಂಗಲ್ ಮುಗಿದ ಮೇಲಂತೆ.

ಜನವರಿ 13

ಕಂಬಂ. ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿ. ನನ್ನ ಕಾಲೇಜು ಇದೇ. ಯಾರು ಕರಪತ್ರ ತಂದರೂ ಒಂದು ಪ್ರತಿ ನನಗೆ. ಒಣಕಾಡು ಪಾಳು ಅಲ್ಲ — ಅಲ್ಲಿ ಕಲಿತದ್ದು. ಕಾರೆ, ಕಳ್ಳಿ, ಉಸಿಲು ಮಣ್ಣು ಹಿಡಿಯುತ್ತವೆ, ಕೌಜುಗಕ್ಕೆ ಮನೆ ಕೊಡುತ್ತವೆ. ಪಾಳು ಅನ್ನುವುದು ಅದನ್ನು ಕಬಳಿಸುವವರ ಮಾತು.

ನಾನೇ ಒಂದು ಕರಪತ್ರ ಬರೆದೆ. ಸಂಜೆ ನಮ್ಮೂರು ಕಾಮಯಗೌಂಡನ್‌ಪಟ್ಟಿ ಪೂರಾ ಹಂಚಿದೆ. ಟೀ ಅಂಗಡಿಯಲ್ಲಿ ವಡೆ ಕೊಂಡರೆ ನನ್ನ ಕರಪತ್ರದಲ್ಲೇ ಸುತ್ತಿ ಕೊಟ್ಟ. "ಕಾಡು ನಮ್ಮ ಉಸಿರು" ಅನ್ನುವ ಸಾಲಿನ ಮೇಲೆ ಎಣ್ಣೆ.

ಜನವರಿ 15

ಚಿತ್ತಪ್ಪನ ಮಾತು ತಲೆಯಿಂದ ಹೋಗುತ್ತಿಲ್ಲ. ಆಡಿಯಿಂದ, ಆರು ತಿಂಗಳಿಂದ, ಯಾರೂ ಹೋಗಿಲ್ಲ. ಯಾಕೆ? ಮೊದಲು ಪ್ರತಿ ಶುಕ್ರವಾರ ಹೆಂಗಸರು ಹೋಗುತ್ತಿದ್ದರಲ್ಲ, ಅರಪ್ಪಿಗೆ. ಉಸಿಲು ಎಲೆ ಒಣಗಿಸಿ ಪುಡಿ ಮಾಡಿದರೆ ಅರಪ್ಪು. ತಲೆಗೆ ಅದೇ ಸೋಪು. ನಮ್ಮ ಕುಲದಲ್ಲಿ ಮದುವೆ ಹೆಣ್ಣಿಗೆ ಗುಡಿ ಕಾಡಿನ ಅರಪ್ಪೇ ಆಗಬೇಕು.

ಅಪ್ಪತ್ತಾಳನ್ನು ಕೇಳಿದೆ. ಅಪ್ಪನ ಅಮ್ಮ, ನಾಗಮ್ಮಾಳ್. ಕಾಳಿಯಪ್ಪನ್ ಚಿತ್ತಪ್ಪನನ್ನೂ ಹೆತ್ತವಳು. ಅವರೆ ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ನೀನೇ ಬೋರ್ಡ್ ಇಟ್ಯಲ್ಲಡಿ, ಎಲೆ ಕೀಳಬಾರ್ದು ಅಂತ. ಸಾಮಿ ಎಲೆ ಕೀಳ್ಬ್ಯಾಡ ಅನ್ನಾಕೆ ನೀ ಯಾರು? ಹೋಗ್ಲಿ, ಓದ್ದೋಳು ಅಂತ ಬಿಟ್ವಿ. ಈಗ ಎಲ್ಲಾರ ತಲೇಲೂ ಪಾಕೆಟ್ ಶಾಂಪು. ಕೂದ್ಲು ನೋಡು, ತೆಂಗಿನ ನಾರು."

ಬೋರ್ಡು ನಾನೇ ಬರೆದದ್ದು. ಅಂಗಡಿಗೆ ಬಂದ ಯಾವುದೋ ಕರಪತ್ರದಲ್ಲಿ ಇತ್ತು: ಎಲೆ ಕೀಳುವುದರಿಂದ ಕಾಡು ನಾಶ. ಯಾವ ಕಾಡು, ಎಷ್ಟು ಎಲೆ... ನೋಡಲಿಲ್ಲ. ಹೋಗುತ್ತಿದ್ದವರನ್ನು ನಾನು ನಿಲ್ಲಿಸಿದೆ. ಯಾರೂ ಹೋಗದ ಜಾಗಕ್ಕೆ ಜೆಸಿಬಿ ಹೋಯಿತು.

ಜನವರಿ 16

ಬೋರ್ಡು ಕಿತ್ತೆ. ತಂದು ಅಪ್ಪತ್ತಾಳ ಮುಂದಿಟ್ಟೆ.

"ಒಣಗೈತೆ. ಒಲೆಗಾಯ್ತದೆ" ಅಂದಳು. ಆಮೇಲೆ — "ನಾಳೆ ಶುಕ್ರವಾರ ಅಲ್ವಾ?"

ಜನವರಿ 17, ಶುಕ್ರವಾರ

ಬೆಳಿಗ್ಗೆ ಜೆಸಿಬಿ ಬಂದಾಗ ಹೆಂಗಸರು ಕಾಡಿನ ಒಳಗೆ. ಅಪ್ಪತ್ತಾ, ಚಿತ್ತಪ್ಪನ ಹೆಂಡತಿ ಪೊನ್ನುತಾಯಿ ಚಿತ್ತಿ, ಬೀದಿಯ ಅರ್ಧ ಮಂದಿ. ನಾನೂ. ಮಡಿಲು ತುಂಬ ಎಲೆ. ನಮ್ಮಲ್ಲಿ ಒಂದು ಕಟ್ಟು: ಹೆಂಗಸರು ಅರಪ್ಪು ಕೀಳುವಾಗ ಗಂಡಸು ಆ ಕಾಡಿಗೆ ಕಾಲಿಡುವಂತಿಲ್ಲ. ಜೆಸಿಬಿ ಓಡಿಸುವವನು ಗಂಡಸು. ಚಿತ್ತಪ್ಪನೂ.

ಚಿತ್ತಪ್ಪ ಹೊರಗೆ ನಿಂತೇ ಕೂಗಿದರು. "ಅವ್ವಾ, ಯಾವಾಗ ಮುಗೀತದೆ?"

"ಎಲೆ ಮುಗಿದ್ಮ್ಯಾಲೆ!"

"ಎಲೆ ಯಾವಾಗ ಮುಗೀತದೆ?"

"ಅದನ್ನ ಮರಾನ್ ಕೇಳು. ಬಿಸಿಲಲ್ಲಿ ನಿಂತ್ಕೋಬ್ಯಾಡ ಲೇ ಕಾಳೀ, ಪಿತ್ತ ಏರ್ತದೆ!"

ಚಿತ್ತಿ ಸೆರಗು ಬಾಯಿಗಿಟ್ಟು ನಕ್ಕಳು. ಅವಳ ಗಂಡ ಹೊರಗೆ ಪಂಚೆ ಎತ್ತಿ ಕಟ್ಟುತ್ತಿದ್ದಾರೆ, ಬಿಚ್ಚುತ್ತಿದ್ದಾರೆ. ಮಧ್ಯಾಹ್ನಕ್ಕೆ ಜೆಸಿಬಿ ವಾಪಸ್.

ಜನವರಿ 18

ಆ ಕಟ್ಟು ಮೂಢನಂಬಿಕೆ ಅಂತ ನಾನೇ ವಾದ ಮಾಡಿದವಳು. ಈಗಲೂ ಅದೇ ಅನ್ನುತ್ತೇನೆ. ಗಂಡಸು ಕಾಲಿಟ್ಟರೆ ಯಾವ ಎಲೆಯೂ ಉದುರುವುದಿಲ್ಲ. ಆದರೆ ನಿನ್ನೆ ಜೆಸಿಬಿಯನ್ನು ನಿಲ್ಲಿಸಿದ್ದು ನನ್ನ ಕರಪತ್ರ ಅಲ್ಲ. ನಿದ್ದೆ ಬರುತ್ತಿಲ್ಲ. ಕೈಯೆಲ್ಲ ಅರಪ್ಪಿನ ವಾಸನೆ... ಬಿಡುತ್ತಿಲ್ಲ.

ಜನವರಿ 27

ಹೆಂಗಸರು ದಿನಾ ಹೋಗುತ್ತಿದ್ದಾರೆ. ಶುಕ್ರವಾರ ಅಂತಿಲ್ಲ, ಪಾಳಿ ಹಾಕಿಕೊಂಡಿದ್ದಾರೆ. ಒಂದೇ ಮರದಿಂದ ಜಾಸ್ತಿ ಕೀಳಬಾರದು ಅಂದೆ. ಬೈಸಿಕೊಳ್ಳುತ್ತೇನೆ ಅಂದುಕೊಂಡಿದ್ದೆ. "ಸರಿಯಾಗ್ ಹೇಳ್ದೆ, ಆ ಕಡೇದು ಬೋಳಾಗೈತೆ" ಅಂದಳು ಚಿತ್ತಿ. ಅಂಗಳದಲ್ಲೆಲ್ಲ ಎಲೆ ಒಣಗುತ್ತಿದೆ.

ಗುಲ್‌ಮೊಹರ್ ಸಸಿ ಬಂದಿವೆ. ಕಿತ್ತ ಜಾಗದಲ್ಲಿ ನೆಟ್ಟರು. ಫೋಟೋ ಆಯಿತು. ಚಿತ್ತಪ್ಪ ನನ್ನ ಕಡೆ ನೋಡಲಿಲ್ಲ. ಉಳಿದರ್ಧವನ್ನು ಬಿಡುತ್ತೇವೆ ಅಂತಲೂ ಹೇಳಿಲ್ಲ.

ಫೆಬ್ರವರಿ 6, ಗುರುವಾರ

ಚಿತ್ತಪ್ಪ ಮನೆಗೆ ಬಂದಿದ್ದರು. ಈಗ ಹೋದರು.

ಸಂಜೆ ಸಸಿಗೆ ನೀರು ಹಾಕಲು ಹೋಗಿದ್ದರಂತೆ. ಅರ್ಧ ಬಾಡಿವೆ. ಟ್ರ್ಯಾಕ್ಟರ್‌ನಲ್ಲಿ ನೀರು ಹೊತ್ತು ಸಾಕಾಗಿದೆ. ಆದರೆ ಗುಂಡಿಗಳ ಅಂಚಲ್ಲಿ, ಮಣ್ಣೊಳಗೆ ತುಂಡಾಗಿ ಉಳಿದ ಬೇರಿನಿಂದ ಉಸಿಲು ಚಿಗುರಿದೆ. ಬೆರಳುದ್ದ.

"ಯಾರು ನೀರಾಕಿದ್ದು?" ಅಂತ ನನ್ನನ್ನು ಕೇಳಿದರು. ಕಳ್ಳತನ ಹಿಡಿದವರ ಹಾಗೆ.

"ಯಾರೂ ಇಲ್ಲ ಚಿತ್ತಪ್ಪಾ."

"ಯಾರೂ ಇಲ್ವಾ?" ದ್ರಾಕ್ಷಿಗೆ ಹನಿ ಹನಿ ನೀರು ಕೊಟ್ಟು ಬೆಳೆಸಿದವರು. ನೀರಿನ ಲೆಕ್ಕ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. "ಕಿತ್ತು ಬಿಸಾಕಿದ್ದು ಬರ್ತದೆ. ಕೂಸಿನಂಗೆ ಸಾಕಿದ್ದು ಸಾಯ್ತದೆ."

ಒಳಗಿಂದ ಅಪ್ಪತ್ತಾ — "ನಿನ್ನೂ ಸಾಕಿದ್ನಲ್ಲ!"

ಚಿತ್ತಪ್ಪ ನಕ್ಕುಬಿಟ್ಟರು. ಎಷ್ಟು ದಿನದ ಮೇಲೆ. ಜೆಸಿಬಿಯವನಿಗೆ ಫೋನ್ ಹಚ್ಚಿ, ಬರಬೇಡ ಅಂದರು. ನನ್ನ ಎದುರಲ್ಲೇ. ದಾನಿಗೆ ಏನು ಹೇಳುತ್ತೀರಿ ಅಂದೆ. ಅದು ನನ್ನ ತಲೆನೋವು ಅಂದರು.

"ಉಳಿದಿದ್ದಕ್ಕೆ ಎಲ್ಲೆ ಕಲ್ಲು ನೆಡೋಣ. ಚಿಗುರಿದ್ದೂ ಒಳಗೇ ಬರ್ಬೇಕು. ಎಲ್ಲಿಂದ ಎಲ್ಲಿಗಂತ ನೀನೂ ಅವ್ವನೂ ತೋರ್ಸಿ. ಭಾನುವಾರ, ಬೆಳಿಗ್ಗೆ ಆರಕ್ಕೆ, ಗುಡಿ ಹಿಂದೆ. ತಡ ಮಾಡ್ಬ್ಯಾಡ ಪುಳ್ಳೆ."

ಭಾನುವಾರ. ಒಂಬತ್ತನೇ ತಾರೀಕು. ಬೆಳಿಗ್ಗೆ ಆರು ಗಂಟೆ — ಐದಕ್ಕೇ ಅಪ್ಪತ್ತಾಳನ್ನು ಎಬ್ಬಿಸಬೇಕು.