ಮದುವೆಯಾದಾಗಿನಿಂದ ಮಂಡಿನೋವು

ಮಾರ್ಚ್ 4, ಬುಧವಾರ. ಬೆಳಿಗ್ಗೆ 7.10

ಐವತ್ತನಾಲ್ಕು ಮೆಟ್ಟಿಲು. ಹಾಲು ತಂದೆ. ಇಳಿಯಲು ಆರು ನಿಮಿಷ, ಹತ್ತಲು ಹದಿನೇಳು. ಇಲ್ಲಿನ ನಮ್ಮವರ ಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಹೆಣ್ಣುಮಕ್ಕಳಿಗೆ ಡ್ರಿಲ್ ಮಾಡಿಸಿದ ಪಿ.ಟಿ. ಟೀಚರ್‌ಗೆ ಈ ಗತಿ. ಇವರು ಇದೇ ಪರದೇಶದ ಊರಿನಲ್ಲಿ ಮೂವತ್ತು ವರ್ಷ ಲಿಫ್ಟ್ ಮೆಕ್ಯಾನಿಕ್. ಊರವರನ್ನೆಲ್ಲ ಮೇಲಕ್ಕೇರಿಸಿದರು, ಮನೆ ಹಿಡಿದದ್ದು ಮಾತ್ರ ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ.

ಬಲಮಂಡಿ. ಎಂಟು ತಿಂಗಳಿಂದ. ಸವೆದುಹೋಗಿದೆ, ಬದಲಿಸಬೇಕು ಎಂದಿದ್ದಾರೆ ಮೂಳೆ ಡಾಕ್ಟರು. ಇನ್ಶೂರೆನ್ಸ್‌ನವರ ಒಪ್ಪಿಗೆ ಪತ್ರ ಇಂದೋ ನಾಳೆಯೋ.

ಮಾರ್ಚ್ 6, ಶುಕ್ರವಾರ. ಮಧ್ಯಾಹ್ನ

ಬಂತು. ಆಗುವುದಿಲ್ಲವಂತೆ.

ಈ ಊರಿನ ಭಾಷೆ ನನಗೆ ಅಂಗಡಿಗೆ ಸಾಕಾಗುವಷ್ಟು ಬರುತ್ತದೆ, ಆಸ್ಪತ್ರೆಗೆ ಸಾಲದು. ಇವರೇ ಓದಿ ಹೇಳಿದರು. ಕಾಯಿಲೆ ಪಾಲಿಸಿಗಿಂತ ಹಳೆಯದು, ಅದನ್ನು ಮುಚ್ಚಿಟ್ಟಿದ್ದೀರಿ, ದುಡ್ಡು ಕೊಡುವುದಿಲ್ಲ.

"ಎಷ್ಟು ಹಳೇದಂತೆ?"

"ನಲವತ್ತೊಂದು ವರ್ಷ."

"ಯಾರ್ರೀ ಹಾಗಂದಿದ್ದು?"

"ನೀನೇ ಅಂತೆ."

ಆಗ ನೆನಪಾಯಿತು. ಆಸ್ಪತ್ರೆಯಲ್ಲಿ ಮೊದಲ ದಿನ. ಇವರು ಹೊರಗೆ ಚೀಟಿ ಮಾಡಿಸುತ್ತಿದ್ದರು. ಫೋನಿನಲ್ಲಿ ನಮ್ಮ ಮಾತು ಬಲ್ಲ ದುಭಾಷಿ ಹುಡುಗಿ. ನೋವು ಯಾವಾಗಿನಿಂದ ಎಂದು ಕೇಳಿದಳು. "ಇವರನ್ನ ಕಟ್ಕೊಂಡಾಗಿನಿಂದ" ಎಂದೆ. ಮದುವೆ ಯಾವಾಗ ಎಂದಳು. ಮುಹೂರ್ತದ ತಾರೀಖಿನ ಸಮೇತ ಹೇಳಿದೆ, ದೊಡ್ಡ ಸಾಧನೆ ಎನ್ನುವ ಹಾಗೆ. ಅದನ್ನು ಹಾಗೇ ಬರೆದುಕೊಂಡಿದ್ದಾರೆ.

ನನ್ನ ಬಾಯಿಗಿಷ್ಟು ಮಣ್ಣು ಹಾಕ.

ರಿಟೈರ್ ಆದ ದಿನವೇ ಕೆಲಸದ ಇನ್ಶೂರೆನ್ಸ್ ನಿಂತಿತು. ಹೊರದೇಶದಿಂದ ಬಂದು ನೆಲೆಸಿದ ಪೆನ್ಷನ್‌ದಾರರಿಗೆಂದೇ ಇರುವ ಪಾಲಿಸಿ ಇದು, ಕೊಂಡು ಎರಡು ವರ್ಷ. ಅಲ್ಲಿಯವರೆಗೂ ಹುಡುಗಿಯರ ಜೊತೆ ಹಗ್ಗ ಹಾರುತ್ತಿದ್ದೆ, ಫಾರ್ಮಿನಲ್ಲಿ ಮಂಡಿ ಚೆನ್ನಾಗಿದೆ ಎಂದು ಬರೆದದ್ದು ಅಪ್ಪಟ ಸತ್ಯ. ಈಗ ಕೈಯಿಂದ ಕೊಟ್ಟು ಮಾಡಿಸಿಕೊಂಡರೆ ಇಬ್ಬರ ಮೂರು ವರ್ಷದ ಪೆನ್ಷನ್ ಖಾಲಿ. ಮಾಡಿಸದಿದ್ದರೆ ಮೂರನೇ ಮಹಡಿಯಲ್ಲಿ ಕೈದಿ, ಸಾಯುವವರೆಗೂ. ಭಯವಾಗುತ್ತಿದೆ.

ಮಾರ್ಚ್ 9, ಸೋಮವಾರ

ಇವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಬೆಳಿಗ್ಗೆ ಒಬ್ಬರೇ ಹೋಗಿ ಡಾಕ್ಟರನ್ನು ಕಂಡು ಬಂದರು. ರೋಗಿ ಹೇಳಿದ್ದನ್ನು ತಾವು ತಿದ್ದುವ ಹಾಗಿಲ್ಲ ಎಂದರಂತೆ. ಆದರೆ ಅಂದು ಬರೆದುಕೊಂಡದ್ದರ ಪೂರ್ತಿ ನಕಲು ಕೊಟ್ಟರು, ಮೂರು ಹಾಳೆ. ಇವರು ಊಟದ ಮೇಜಿನಲ್ಲಿ ಕೂತು ಓದಿದರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ. ನೋಡಿದರೆ... ನಗು.

"ಅವರು ಇದರಲ್ಲಿ ಒಂದೇ ಸಾಲು ಹಿಡ್ಕೊಂಡಿದಾರೆ. ಅಪೀಲು ಹಾಕ್ತೀನಿ. ಪೂರ್ತಿ ಓದ್ಸೋಣ."

"ನಾನು ಇನ್ನೂ ಏನೇನಂದಿದ್ದೆ?"

"ಅಲ್ಲೇ ಕೇಳು."

ಕೊನೆಯ ಹಾಳೆಯನ್ನು ಮತ್ತೆ ಓದಿದರು. ಆಗ ನಗಲಿಲ್ಲ.

ಏಪ್ರಿಲ್ 9, ಗುರುವಾರ. ಸಂಜೆ

ಮೆಟ್ಟಿಲಿಳಿದು ಹತ್ತೊಂಬತ್ತು ದಿನವಾಯಿತು. ನಾಳೆ ಅಪೀಲಿನ ವಿಚಾರಣೆ. ಇವರ ಹಳೇ ಜೊತೆಗಾರರಿಬ್ಬರು ಕುರ್ಚಿ ತಂದು ಹೊತ್ತೊಯ್ಯುತ್ತಾರಂತೆ. ಬೇಡ ಎಂದೆ. ಕೂತುಕೊಂಡೇ ಇಳಿಯುತ್ತೇನೆ, ಒಂದೊಂದೇ ಮೆಟ್ಟಿಲು. ಮಾನ ಹೋದರೂ ನನ್ನದೇ.

ಏಪ್ರಿಲ್ 10, ಶುಕ್ರವಾರ. ಮಧ್ಯಾಹ್ನ 3.40

ಗೆದ್ದೆವು. ಗೆದ್ದೆವು. ಮರೆಯುವ ಮೊದಲು ಬರೆದಿಡಬೇಕು.

ಉದ್ದ ಮೇಜು. ಮಧ್ಯದಲ್ಲಿ ಬೆಳ್ಳಿಗೂದಲಿನ ಅಧ್ಯಕ್ಷೆ, ಪಕ್ಕದಲ್ಲಿ ಒಬ್ಬ ಮುದಿ ಡಾಕ್ಟರು. ಎದುರಿಗೆ ಇನ್ಶೂರೆನ್ಸ್‌ನವನು, ಟೈ ಕಟ್ಟಿದವನು. ನನ್ನ ಪಕ್ಕದಲ್ಲಿ ಅದೇ ದುಭಾಷಿ. ದನಿ ಕೇಳಿ ಹುಡುಗಿ ಎಂದುಕೊಂಡಿದ್ದೆ, ನೋಡಿದರೆ ನನಗಿಂತ ದೊಡ್ಡವಳು.

ಟೈ ಆ ಒಂದು ಸಾಲು ಓದಿ ಕೂತ. ಇವರು ಎದ್ದರು. ಜನ್ಮದಲ್ಲಿ ನಾಲ್ಕು ಜನರೆದುರು ಬಾಯಿ ಬಿಟ್ಟವರಲ್ಲ. ಈ ಊರಿನ ಭಾಷೆಯಲ್ಲಿ ನಿಧಾನವಾಗಿ ಹೇಳಿದರು. ದುಭಾಷಿ ನನ್ನ ಕಿವಿಗೆ ಹಾಕಿದಳು: "ಆ ಸಾಲು ಸತ್ಯ ಅನ್ನೋದಾದ್ರೆ ಪೂರ್ತಿ ಹಾಳೆ ಸತ್ಯ ಆಗ್ಬೇಕು. ದಯವಿಟ್ಟು ಅವರೇ ಓದ್ಲಿ."

ಅಧ್ಯಕ್ಷೆ ತಲೆಯಾಡಿಸಿದರು. ಟೈ ಓದಿದ.

ಭಾರ ಹೊರುವ ಅಭ್ಯಾಸವಿದೆಯೇ? — ಗಂಡನ ಮನೆಯವರನ್ನೆಲ್ಲ ತಲೆಯ ಮೇಲೆ ಹೊತ್ತಿದ್ದೇನೆ, ಒಂಬತ್ತು ಜನ.

ಹಿಂದೆ ಆಪರೇಷನ್ ಆಗಿದೆಯೇ? — ಅತ್ತೆ ನನ್ನ ನಾಲಿಗೆ ಕತ್ತರಿಸಬೇಕೆಂದಿದ್ದರು, ಕೈಗೂಡಲಿಲ್ಲ.

ನಿದ್ದೆ? — ಗಂಡ ಗೊರಕೆ ನಿಲ್ಲಿಸಿದಾಗ.

ಮನೆಯಲ್ಲಿ ಬೇರೆ ಯಾರಿಗಾದರೂ ಕೀಲಿನ ತೊಂದರೆ? — ಗಂಡನಿಗೆ. ಟೀವಿ ಮುಂದೆ ಕೂತರೆ ಮಂಡಿ ಮಡಿಚಿದ್ದು ಬಿಚ್ಚುವುದಿಲ್ಲ.

ಮುದಿ ಡಾಕ್ಟರು ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ಟೈನ ಕಿವಿ ಕೆಂಪಾಯಿತು. ಸಾಕೇ ಎಂದು ಕೇಳಿದ.

"ಮುಗಿಸಿ" ಎಂದರು ಅಧ್ಯಕ್ಷೆ.

ಕೊನೆಯ ಸಾಲು. ಆಪರೇಷನ್ ಆದಮೇಲೆ ನೋಡಿಕೊಳ್ಳುವವರು ಯಾರು? — ಇವರೇ. ಇವರ ಕೈ ಹಿಡಿದಿದ್ದಕ್ಕೇ ನಾನು ಎಲ್ಲಿಯೂ ಬೀಳದೆ ಇಷ್ಟು ದೂರ ಬಂದೆ.

ಯಾರೂ ನಗಲಿಲ್ಲ. ಅಧ್ಯಕ್ಷೆ ನನ್ನನ್ನೇ ನೋಡಿ ಕೇಳಿದರು, ಇದೂ ತಮಾಷೆಯೇ ಎಂದು. ದುಭಾಷಿ ಬಾಯಿ ತೆರೆಯುವ ಮೊದಲೇ ಅರ್ಥವಾಯಿತು. ಅಲ್ಲ ಎಂದೆ, ಅವರದೇ ಭಾಷೆಯಲ್ಲಿ. ಇವರು ನೆಲ ನೋಡುತ್ತಿದ್ದರು.

ಆಮೇಲೆ ಮುದಿ ಡಾಕ್ಟರು ಎಕ್ಸ್‌ರೇ ನೋಡಿದರು. ನಾನು ರಿಟೈರ್ ಆಗುವಾಗ ಸ್ಕೂಲಿನವರು ಕೊಟ್ಟ ಫಿಟ್‌ನೆಸ್ ಸರ್ಟಿಫಿಕೇಟನ್ನು ಇವರು ಮುಂದಿಟ್ಟರು. ನಲವತ್ತೊಂದು ವರ್ಷ ಮಂಡಿ ನೋಯುವವರು ಇಪ್ಪತ್ತೆಂಟು ವರ್ಷ ಡ್ರಿಲ್ ಮಾಡಿಸುವುದಿಲ್ಲ ಎಂದರು ಡಾಕ್ಟರು. ಹತ್ತು ನಿಮಿಷ ಹೊರಗೆ ಕೂರಿಸಿದರು. ಒಳಗೆ ಕರೆದು ತೀರ್ಪು ಹೇಳಿದರು. ಪೂರ್ತಿ ಖರ್ಚು ಕಂಪನಿಯದು, ಆಮೇಲಿನ ವ್ಯಾಯಾಮದ ಫೀಸೂ ಸೇರಿ.

ಟೈ ಎದ್ದು ಬಂದು ಕೈ ಕುಲುಕಿದ. ಪಾಪ, ಅವನಿಗೂ ಮದುವೆಯಾಗಿದೆ ಅನ್ನಿಸುತ್ತೆ.

ಮೇ 5, ಮಂಗಳವಾರ

ಹೊಸ ಮಂಡಿಗೆ ಹನ್ನೊಂದು ದಿನ. ನೋವು ಬ್ರಹ್ಮಾಂಡ. ವ್ಯಾಯಾಮ ಮಾಡಿಸುವವಳು ನನ್ನ ಮೊಮ್ಮಗಳ ವಯಸ್ಸಿನವಳು, ಒಂದು, ಎರಡು ಎಂದು ಎಣಿಸುತ್ತಾಳೆ. ಲಯ ತಪ್ಪಿಸುತ್ತಾಳೆ. ನಾನೇ ಎಣಿಸಿ ತೋರಿಸಿದೆ.

ಮೊನ್ನೆ ಇವರು ಸ್ನಾನ ಮಾಡಿಸಿ, ತಲೆ ಬಾಚಿ, ಜಡೆ ಹಾಕಿದರು. ಲಿಫ್ಟ್ ಕೇಬಲ್ ಹೆಣೆದ ಹಾಗೆ ಬಿಗಿ. ಎರಡು ದಿನ ಬಿಚ್ಚಲಾಗಲಿಲ್ಲ.

ಜೂನ್ 20, ಶನಿವಾರ. ಸಂಜೆ 6.15

ರಸ್ತೆಯ ಕೊನೆಯವರೆಗೆ ನಡೆದೆವು, ಕೋಲಿಲ್ಲದೆ. ಪಾರ್ಕಿನ ಬೆಂಚಿನಲ್ಲಿ ಕೂತೆವು. ಎದುರಿಗೆ ಯಾರೋ ನಾಯಿಗೆ ಚೆಂಡು ಎಸೆಯುತ್ತಿದ್ದರು. ಇವರು ಚೆಂಡಿನ ಕಡೆಗೇ ನೋಡುತ್ತ ಕೇಳಿದರು.

"ಆ ಕೊನೇ ಸಾಲು... ಫೋನಲ್ಲಿ ಯಾರೋ ಗುರುತಿಲ್ಲದವ್ರ ಹತ್ರ ಹೇಳ್ದೆ. ನಲವತ್ತೊಂದು ವರ್ಷದಲ್ಲಿ ನನ್ನ ಹತ್ರ ಒಂದ್ಸಲನೂ ಹೇಳಿಲ್ವಲ್ಲ?"

ನಾಲಿಗೆಯ ತುದಿಗೆ ಜೋಕು ಬಂತು. ನುಂಗಿದೆ. ಎದ್ದು ಸರಸರ ಮನೆ ಕಡೆ ಹೊರಟೆ. ನಿಲ್ಲದೆ, ಕಂಬಿ ಹಿಡಿಯದೆ ಮೆಟ್ಟಿಲು ಹತ್ತಿದೆ. ಇವರು ಇನ್ನೂ ಕೆಳಗಿದ್ದಾರೆ, ಏದುಸಿರು ಇಲ್ಲಿಗೇ ಕೇಳುತ್ತಿದೆ.

ಒಳಗೆ ಬಂದ ಕೂಡಲೇ ಹೇಳುತ್ತೇನೆ. ಮುಖ ನೋಡಿ, ತಮಾಷೆ ಮಾಡದೆ. ಬಾಗಿಲು ತೆರೆದಿಟ್ಟಿದ್ದೇನೆ. ಚಪ್ಪಲಿ ಸದ್ದು. ಬಂದ—