ಮೂಲೆಯಲ್ಲಿಟ್ಟ ರೊಟ್ಟಿ

ಹಿಟ್ನಾಳ
೧೨ ಜನವರಿ ೨೦೨೫

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ಈಗ ಹೇಗಿದೆ? ಯಲಬುರ್ಗಾದ ಚಳಿಗೆ ನೋವು ಹೆಚ್ಚಿದ್ದರೆ ಬಿಸಿನೀರಿನ ಚೀಲ ತರಿಸಿಕೊ. ಫೋನಿನಲ್ಲಿ ಹೇಳಲು ಧೈರ್ಯ ಸಾಲದೆ ಬರೆಯುತ್ತಿದ್ದೇನೆ. ತಮ್ಮ ಶರಣಬಸವ ಓದಿ ಹೇಳಲಿ.

ನೀನು ಹಳೆ ಸೀರೆಗಳನ್ನು ಸೇರಿಸಿ ಹೊಲಿದ ಕೌದಿಗಳನ್ನು ಹುಲಿಗಿ ಗುಡಿಯ ಮುಂದೆ ಮಾರುತ್ತಿದ್ದ ದಿನಗಳು ಈಚೆಗೆ ಬಹಳ ನೆನಪಾಗುತ್ತವೆ. ಹುಣ್ಣಿಮೆಗೆ ಬಂದ ಹೆಂಗಸರು ಮೊದಲು ನೋಡುತ್ತಿದ್ದುದು ಕೌದಿಯನ್ನಲ್ಲ, ನಿನ್ನನ್ನು. ಯಾವ ಊರು, ಯಾರ ಮಗಳು ಎಂದು ಕೇಳಿ, ಹೊಲಿಗೆ ಎಳೆದು ನೋಡಿ, ಕೊನೆಗೆ ಮೂಲೆ ಹಿಸುಕುತ್ತಿದ್ದರು. ಒಳಗಿಟ್ಟು ಹೊಲಿದ ರೊಟ್ಟಿ ಚೂರು ಕೈಗೆ ಹತ್ತಿದರೆ “ಉಣಿಸಿ ಕಳಸ್ಯಾಳ, ಕೈ ಛಲೋ ಐತಿ” ಎನ್ನುತ್ತಿದ್ದರು. ಕುಷ್ಟಗಿಯ ನಿನ್ನ ಗೆಳತಿ ಖಾಜಾಬೀ ಮಾತ್ರ “ದುರಗವ್ವ, ಬಿಸಿ ರೊಟ್ಟಿ ಇಟ್ಟೀಯೋ, ನಿನ್ನೀದೋ?” ಎಂದು ಕಾಡಿಸಿಯೇ ಎರಡು ಒಯ್ಯುತ್ತಿದ್ದಳು. “ಕೌದಿ ಉಪವಾಸ ಹೋಗಬಾರದವ್ವ” ಎಂದು ನನಗೆ ನೀನೇ ಕಲಿಸಿದ್ದು.

ನನ್ನ ಆನ್‌ಲೈನ್ ಅಂಗಡಿಯಲ್ಲಿ ಕೊಳ್ಳುವವರಿಗೆ ನಾನು ಕಾಣುವುದಿಲ್ಲ. ಯಾರೋ ಎಲ್ಲಿಂದಲೋ ಹಳೆ ಸೀರೆಯ ಕೌದಿ ಎಂದು ಹುಡುಕಿದರೆ ಸಾವಿರಾರು ಕೌದಿಗಳ ನಡುವೆ ನನ್ನದೂ ಬರುತ್ತದೆ. ಒಂದು ಫೋಟೊ, ಹಿಂದೆ ಕೊಂಡವರು ಕೊಟ್ಟ ನಕ್ಷತ್ರ, ಅವರು ಬರೆದ ಎರಡು ಸಾಲು. ಅವರ ಪಾಲಿಗೆ ಅದೇ ನನ್ನ ಊರು, ಅದೇ ನನ್ನ ಹೆಸರು. ಮೂರು ವರ್ಷದಲ್ಲಿ ನೂರಾ ಹನ್ನೊಂದು ಜನ ಐದು ನಕ್ಷತ್ರ ಕೊಟ್ಟಿದ್ದರು. ತಿನಿಸು ಕಳಿಸುವಂತಿಲ್ಲ ಎಂದು ಕೊರಿಯರಿನವರು ಹೇಳಿದ ಮೇಲೆ ನಾನು ರೊಟ್ಟಿ ಇಡುವುದನ್ನೂ ಬಿಟ್ಟಿದ್ದೆ. ಆದರೂ ಕಳೆದ ತಿಂಗಳು ಕೆನಡಾದ ಒಬ್ಬಾಕೆ ಒಂದೇ ನಕ್ಷತ್ರ ಕೊಟ್ಟು ಬರೆದಳು: ಫೋಟೊದಲ್ಲಿದ್ದ ಕೌದಿ ಇದಲ್ಲ, ಮೂಲೆ ಬಿಚ್ಚಿದರೆ ಒಣಗಿದ ತಿನಿಸಿದೆ. ಅಂದಿನಿಂದ ಒಂದೂ ಆರ್ಡರ್ ಬಂದಿಲ್ಲ. ಅಂಗಡಿ ಉಳಿಯುವುದೇ ಅನುಮಾನ.

ಆಕೆಗೆ ನಡೆದದ್ದನ್ನು ನಡೆದಂತೆ ತಿಳಿಸಿದೆ, ರೊಟ್ಟಿ ಏಕೆಂದೂ ಬರೆದೆ. ನಿನ್ನೆ ಉತ್ತರ ಬಂತು. ರೊಟ್ಟಿಯನ್ನು ಒಳಗೇ ಇಟ್ಟು ಮೂಲೆಯನ್ನು ಮತ್ತೆ ಹೊಲಿದಿದ್ದಾಳಂತೆ. ನಕ್ಷತ್ರ ಮಾತ್ರ ಬದಲಿಸಿಲ್ಲ. ತೋರಿಸಿದ್ದು ಒಂದು, ಕಳಿಸಿದ್ದು ಒಂದು, ಅದು ಸುಳ್ಳಲ್ಲವಲ್ಲ ಎಂದಿದ್ದಾಳೆ. ಆಕೆಯ ಮಾತು ಸರಿಯಾಗಿಯೇ ಇದೆ.

ಶರಣಬಸವನ ಮಕ್ಕಳಿಗೆ ನನ್ನ ಮುತ್ತು ಕೊಡು. ನಿನ್ನ ಪಾದಕ್ಕೆ ಹಣೆ ಹಚ್ಚಿದ್ದೇನೆ.

ನಿನ್ನ ಮಗಳು
ಶೋಭಾರಾಣಿ

ತಾ.ಕ.: ಅವ್ವಾ, ಆ ಕೌದಿ ನಾನು ಹೊಲಿದದ್ದಲ್ಲ. ಫೋಟೊದಲ್ಲಿದ್ದುದರ ಮೇಲೆ ಎಣ್ಣೆ ಚೆಲ್ಲಿತು, ಕಳಿಸುವ ಗಡುವು ಮರುದಿನವೇ ಇತ್ತು. ನೀನು ಇಲ್ಲಿ ಬಿಟ್ಟುಹೋದ ಟ್ರಂಕಿನಲ್ಲಿದ್ದುದನ್ನು, ಅಪ್ಪನ ಹಳದಿ ರುಮಾಲಿನ ತುಂಡು ಸೇರಿಸಿ ನೀನು ಹೊಲಿದದ್ದನ್ನು, ನಿನ್ನನ್ನು ಕೇಳದೆ ಕಳಿಸಿಬಿಟ್ಟೆ. ಆಕೆ ಅದನ್ನು ಹೊದೆಯದೆ ಮಡಿಸಿಟ್ಟಿದ್ದಾಳೆ. “ನಿನ್ನ ತಾಯಿಗೆ ಬೇಕೆಂದರೆ ವಾಪಸ್ ಕಳಿಸುತ್ತೇನೆ” ಎಂದಿದ್ದಾಳೆ. ಏನೆಂದು ಬರೆಯಲಿ?